ಆಚೆ ದಡದ ಮರವೈದ್ಯೆ

ಹೊಳೆಯಾಚೆಯ ಕಾಡು ಸುಟ್ಟುಹೋದಾಗ ಮರಕುಟಿಗ ಹಕ್ಕಿಯೊಬ್ಬಳು ಈಚೆ ದಡಕ್ಕೆ ಹಾರಿ ಬಂದಳು. ಅವಳು ಮರಗಳ ವೈದ್ಯೆ. ಕಲಿತು ಪರೀಕ್ಷೆ ಗೆದ್ದವಳೆಂದು ಅಲ್ಲಿನ ಪಕ್ಷಿಸಭೆ ಅವಳ ಕಾಲಿಗೆ ಕೆಂಪು ನಾರು ಕಟ್ಟಿತ್ತು.

ಈಚೆ ದಡದ ಸಭೆಗೆ ಮಂಗಟ್ಟೆ ಹಕ್ಕಿಯೇ ಹಿರಿಯ. ಅವನ ಹೆಂಡತಿ ಹಳೆಯ ಮರವೊಂದರ ಪೊಟರೆಯೊಳಗೆ, ತಮ್ಮವರ ವಾಡಿಕೆಯಂತೆ ಹಣ್ಣು ಈಸಿಕೊಳ್ಳುವಷ್ಟೇ ಕಂಡಿ ಬಿಟ್ಟು ಬಾಗಿಲಿಗೆ ಮಣ್ಣು ಮೆತ್ತಿಕೊಂಡು, ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದಳು. ಮರಕುಟಿಗ ಆ ಮರಕ್ಕೆ ಕಿವಿಯಿಟ್ಟು ಗಾಬರಿಯಾದಳು.

"ಸ್ವಾಮಿ, ಒಳಗೆಲ್ಲ ಹುಳ ಹಿಡಿದಿದೆ. ಅಪ್ಪಣೆಯಾದರೆ ಇವತ್ತೇ ತೆಗೆಯುತ್ತೇನೆ."

"ನಿನ್ನದು ಕೆಂಪು ನಾರು. ಇಲ್ಲಿ ನಡೆಯುವುದು ಹಸಿರು ನಾರು. ಮೊದಲಿನಿಂದ ಕಲಿತು ಬಾ."

"ಇದೇ ಜಾತಿಯ ಮರ, ಇದೇ ಹುಳ, ಸ್ವಾಮಿ. ಅಲ್ಲಿ ಎಷ್ಟೋ ಮರ ಉಳಿಸಿದ್ದೇನೆ."

"ನನ್ನ ಮನೆಗೆಂದು ನಿಯಮ ಸಡಿಲಿಸಿದರೆ ಉಳಿದವರಿಗೆ ಏನು ಹೇಳಲಿ? ಅಲ್ಲಿಯವರೆಗೆ ತರಗೆಲೆ ಗುಡಿಸಿಕೊಂಡಿರು."

ಅವಳು ಗುಡಿಸಿದಳು. ಅಪ್ಪಣೆಯಿಲ್ಲದೆ ಆ ಮರಕ್ಕೆ ಕೊಕ್ಕು ತಾಗಿಸಲು ಧೈರ್ಯ ಬರಲಿಲ್ಲ. ಇಲ್ಲಿಂದಲೂ ಓಡಿಸಿದರೆ ಹೋಗಲು ಅವಳಿಗೆ ಬೇರೆ ಕಾಡಿರಲಿಲ್ಲ.

ಮುಂಗಾರಿನ ಮೊದಲ ಗಾಳಿಗೇ ಮರ ಉರುಳಿತು. ಪೊಟರೆಯ ಬಾಗಿಲು ನೆಲಕ್ಕೆ ಕವುಚಿಕೊಂಡಿತು. ಹೆಂಡತಿಗೆಂದು ಹಣ್ಣು ಕಚ್ಚಿಕೊಂಡು ಬಂದ ಮಂಗಟ್ಟೆ ಅದನ್ನು ಕೆಳಕ್ಕೆ ಹಾಕಿ ಕೂಗಿಕೊಂಡ: "ಕೊರೆಯಮ್ಮ! ಬೇಗ ಕೊರೆಯಮ್ಮ!"

ಅವಳು ಕೊಕ್ಕಿನಲ್ಲಿ ರಕ್ತ ಒಸರಿದರೂ ಬಿಡದೆ ಕೊರೆದಳು. ಸಂಜೆಯ ಹೊತ್ತಿಗೆ ತೂತು ಬಿತ್ತು. ಮಂಗಟ್ಟೆ ಅದಕ್ಕೆ ಬಾಯಿಟ್ಟು ಹೆಂಡತಿಯನ್ನು ಕರೆದ. ಒಳಗಿನಿಂದ ಉತ್ತರ ಬರಲಿಲ್ಲ. ಅವನು ಮತ್ತೆ ಮತ್ತೆ ಕರೆದ. ಅವನು ಕರೆಯುವುದನ್ನು ನಿಲ್ಲಿಸುವವರೆಗೂ ಮರಕುಟಿಗ ಪಕ್ಕದಲ್ಲೇ ಕುಳಿತಿದ್ದಳು.