ಪಕ್ಕದ ಕುರ್ಚಿಯ ಆಕಾಶ

ಗುರುಕುಲ ಅಂದರೆ ಹೊಳೆದಂಡೆ, ಆಲದ ಮರ ಎಂದು ನೆನೆಸಿಕೊಳ್ಳುವವರು ಸ್ವಲ್ಪ ತಾಳಬೇಕು. ಈ ಗುರುಕುಲಕ್ಕೆ ಕಿಟಕಿಯೂ ಇರಲಿಲ್ಲ. ಕಡಲ ಬದಿಯ ಒಂದು ವಿಮಾನ ನಿಲ್ದಾಣದಲ್ಲಿ, ರೇಡಾರ್ ಪರದೆಗಳ ಮುಂದೆ ಕೂತು ವಿಮಾನಗಳಿಗೆ ದಾರಿ ಹೇಳುವ ಕೋಣೆ ಅದು.

ಗುರು ವಾರಿಜಾ ಮೇಡಂ. ಶಿಷ್ಯ ಬಸವಂತ, ವಿಜಯಪುರದ ಕಡೆಯವನು. ಅವನು ಪೈಲಟ್‌ಗಳ ಜೊತೆ ಮಾತಾಡುವಾಗ ಅವರು ಪಕ್ಕದಲ್ಲೇ ಕೂತು ಕೇಳುತ್ತಿದ್ದರು. ಅವನು ತಪ್ಪಿದರೆ ಹೊಣೆ ಅವರದು. ಅಲ್ಲಿನ ನಿಯಮ ಹಾಗೆ.

ಆ ಬೆಳಿಗ್ಗೆ ಇಳಿಯಲು ಬಂದ ವಿಮಾನಗಳು ಸಾಲುಗಟ್ಟಿದ್ದವು. ಎರಡು ತೀರಾ ಹತ್ತಿರವಾಗುವುದು ಕಂಡು ಬಸವಂತ ಒಂದನ್ನು ಪಡುವಣಕ್ಕೆ ತಿರುಗಿಸಿದ. ಅದು ತನ್ನ ಪಾಲಿನ ಆಕಾಶದ ಗಡಿಗೆ ಬಂದದ್ದೇ ತಡ, ‘ಇನ್ನು ಮುಂದಿನವರ ಜೊತೆ ಮಾತಾಡಿ’ ಎಂದು ಪೈಲಟ್‌ಗೆ ಹೇಳಿ ಕೈತೊಳೆದುಕೊಂಡ.

ಮುಂದಿನವರು ಅಂದರೆ ಗಡಿಯಾಚೆಯ ಆಕಾಶ ನೋಡಿಕೊಳ್ಳುವ, ಪಕ್ಕದ ಕುರ್ಚಿಯ ಐರಿನ್. ಅವಳಿಗೆ ಮಾತ್ರ ಅವನು ಏನೂ ಹೇಳಲಿಲ್ಲ.

“ನೋಡ್ರಿ ಮೇಡಂ, ನನ್ನ ಪರದೆ ಸ್ವಚ್ಛ ಆತು,” ಎಂದ. ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು.

ವಾರಿಜಾ ಮೇಡಂ ಅವನ ಪರದೆ ನೋಡಲಿಲ್ಲ.

“ಐರಿನ್! ನಿನ್ನ ಕಡೆ ಒಂದು ಬರ್ತಾ ಉಂಟು. ನೀನು ಮೇಲೆ ಹತ್ತಿಸ್ತಾ ಇರುವುದಕ್ಕೆ ಎದುರು!”

ಐರಿನ್ ತಾನು ಹತ್ತಿಸುತ್ತಿದ್ದ ವಿಮಾನವನ್ನು ಆ ಕ್ಷಣವೇ ಬಲಕ್ಕೆ ತಿರುಗಿಸಿದಳು. ಪರದೆಯ ಮೇಲೆ ಎರಡು ಚುಕ್ಕೆಗಳು ಇನ್ನೇನು ಕೂಡುತ್ತವೆ ಅನ್ನುವಷ್ಟು ಹತ್ತಿರ ಬಂದು ಬೇರೆಯಾದವು.

ಬೇರೆಯವರು ಬಂದು ಕೆಲಸ ವಹಿಸಿಕೊಂಡರು. ವಿಚಾರಣೆ ಮುಗಿಯುವವರೆಗೆ ಇವರು ಯಾರೂ ಕುರ್ಚಿ ಮುಟ್ಟುವ ಹಾಗಿರಲಿಲ್ಲ.

ಬಸವಂತ ಮೇಡಂ ಹಿಂದೆ ಹೊರಗೆ ಬಂದ.

“ಗುಡಿಸಿದ ಕಸ ಎಲ್ಲಿಗೆ ಹೋಯ್ತು ಮಾರಾಯ?” ಎಂದರು ಮೇಡಂ.

“ಪಕ್ಕದ ಅಂಗಳಕ್ಕ ತಳ್ಳಿದ್ನಿರಿ.” ತುಸು ತಡೆದು ಹೇಳಿದ, “ನನ್ನಿಂದ ನಿಮ್ಮನ್ನೂ ಕುರ್ಚಿಯಿಂದ ಎಬ್ಬಿಸಿದ್ರಲ್ರಿ.”

“ನಾನೂ ತಡ ಮಾಡಿದೆ. ಎಷ್ಟು ಚಂದ ಮಾಡ್ತಾನೆ ಇವ ಅಂತ ನೋಡ್ತಾ ಕೂತುಬಿಟ್ಟೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೋ ಏನೋ. ಈ ಮಾತಿಗೆ ಅವನ ಕಣ್ಣು ತುಂಬಿತು.

ಮೇಡಂ ಅವನನ್ನು ಪ್ರಯಾಣಿಕರು ಹೊರಬರುವ ಬಾಗಿಲಿಗೆ ಕರೆದುಕೊಂಡು ಹೋದರು. ಅವನು ತಿರುಗಿಸಿದ್ದ ವಿಮಾನ ಆಗಷ್ಟೇ ಇಳಿದಿತ್ತು. ಒಬ್ಬ ಅಜ್ಜಿ ಉಪ್ಪಿನಕಾಯಿ ಭರಣಿ ಸೋರಿತೆಂದು ಅಳಿಯನ ಮೇಲೆ ರೇಗುತ್ತ ಬಂದಳು. ಅವಳ ಹಿಂದೆ ಅಪ್ಪನ ಹೆಗಲ ಮೇಲೆ ಒಂದು ಕೂಸು ಬಾಯಿ ತೆರೆದು ಮಲಗಿತ್ತು.

“ಇವರ ಕಾಲಿಗೆ ಬೀಳಬೇಕ್ರಿ ನಾನು.”

“ಪಾಪ, ಅವರನ್ನು ಎಂತಕ್ಕೆ ಹೆದರಿಸ್ತಿ? ಅಜ್ಜಿಗೆ ಉಪ್ಪಿನಕಾಯಿಯದ್ದೇ ಸಾಕಾಗಿದೆ. ನಡೆದದ್ದು ಗೊತ್ತಿದ್ದವಳ ಹತ್ತಿರ ಹೋಗು.”

ಐರಿನ್ ಕ್ಯಾಂಟೀನಿನಲ್ಲಿ ಒಬ್ಬಳೇ ಕೂತಿದ್ದಳು. ಮುಂದಿದ್ದ ಚಹಾ ಆರಿಹೋಗಿತ್ತು.

“ತಪ್ಪಾತು, ಐರಿನ್.”

“ತಿರುಗಿಸಿದ್ದು ತಪ್ಪಲ್ಲ. ಒಂದು ಮಾತು ಹೇಳಿದ್ದಿದ್ರೆ ನಾನೇ ಜಾಗ ಮಾಡಿ ಕೊಡ್ತಿದ್ದೆ. ಯಾಕೆ ಹೇಳ್ಲಿಲ್ಲ?”

ಬಸವಂತ ತಲೆ ತಗ್ಗಿಸಿದ. “ಕೇಳಿದ್ರ, ಇವಗ ಕೆಲಸ ಬರಂಗಿಲ್ಲ ಅಂತ ತಿಳಕೋತೀರಿ ಅನಿಸ್ತು.”

ಐರಿನ್ ಸಿಟ್ಟು ಮಾಡಬೇಕೆಂದೇ ಕೂತಿದ್ದಳು. ಆಗಲಿಲ್ಲ. ಕಾಲಿನಿಂದ ಎದುರಿನ ಕುರ್ಚಿಯನ್ನು ಅವನತ್ತ ತಳ್ಳಿದಳು.

ವಿಚಾರಣೆ ಮುಗಿಯಿತು. ಮತ್ತೆ ಕಲಿಯಬಹುದು ಎಂದರು ಮೇಲಿನವರು. ಆದರೆ ಬಸವಂತ ಕುರ್ಚಿಯ ಹಿಂದೆ ನಿಂತವನು ಕೂರಲೇ ಇಲ್ಲ. ಪರದೆಯ ಮೇಲಿನ ಒಂದೊಂದು ಚುಕ್ಕೆಯಲ್ಲೂ ಅವನಿಗೆ ಆ ಕೂಸೇ ಕಾಣುತ್ತಿತ್ತು.

“ನಾ ಊರಿಗೆ ಹೋಗ್ತೀನ್ರಿ ಮೇಡಂ. ಈ ಕೆಲಸ ನನ್ನಂಥವಗಲ್ಲ.”

ಮೇಡಂ ಹೆಡ್‌ಫೋನಿನ ಸಿಕ್ಕಾದ ವೈರನ್ನು ಬಿಡಿಸುತ್ತಿದ್ದರು. ಬಿಡಿಸಿ ಮುಗಿಸಿ ಅವನ ಕೈಗಿಟ್ಟರು.

“ಕೂತ್ಕೊ.”

“ಮತ್ತ ತಪ್ಪು ಮಾಡಿದ್ರ?”

“ಮಾಡದೆ ಇರ್ಲಿಕ್ಕೆ ಆಗ್ತದಾ ಮಾರಾಯ? ಆದ್ರೆ ಇನ್ನು ಒಬ್ಬನೇ ಮಾಡ್ಬೇಡ. ಪಕ್ಕದವಳಿಗೆ ಹೇಳಿ ಮಾಡು.”