ಒಂಟಿ ತೊಗಲಚೀಲ

ಹೆಂಡ ಸಾಗಿಸುವ ಎರಡು ತೊಗಲಚೀಲಗಳು, ಗಂಡ ಹೆಂಡತಿ, ಕತ್ತೆಯ ಆ ಪಕ್ಕ ಈ ಪಕ್ಕ ತೂಗಿಕೊಂಡು ಹನ್ನೆರಡು ವರ್ಷ ತಿರುಗಿದ್ದವು. ಒಂದು ದಿನ ಜಾಲಿಮುಳ್ಳು ತಾಗಿ ಹೆಂಡತಿ ಹರಿದುಹೋದಳು. ಗಂಡ ಗೂಟಕ್ಕೆ ನೇತುಬಿದ್ದ. ಒಡೆಯ ನೆನೆಸಲು ನೀರು ತಂದರೆ ಬಾಯಿ ಬಿಗಿಹಿಡಿದ.

"ಒಣಗಿದರೆ ಬಿರಿದು ಹೋಗ್ತೀಯ ಮಾವ," ಎಂದಿತು ಕತ್ತೆ.

"ಹೋಗಲಿ ಬಿಡು. ನಾನೊಬ್ಬನೇ ತೂಗಿದರೆ ನೀನೂ ಉರುಳ್ತೀಯ."

"ಅತ್ತೆ ಇದ್ದ ಪಕ್ಕಕ್ಕೆ ಒಡೆಯ ಕಲ್ಲು ಕಟ್ಟುತ್ತಾನಂತೆ. ಒತ್ತುತ್ತೆ, ಆದರೂ ಹೊರ್ತೀನಿ. ಕತ್ತೆ ನಾನೇ ಒಪ್ಪಿದೀನಿ, ನಿನಗೇನು?"

ಒಡೆಯ ಮತ್ತೆ ನೀರು ತಂದ. ಚೀಲ ಬಾಯಿ ಸಡಿಲಿಸಿದ. ಸುರಿದ ನೀರು ಮೊದಮೊದಲು ಹೊಲಿಗೆಯಲ್ಲೆಲ್ಲ ಸೋರಿತು. ತೊಗಲು ನೆನೆದು ಉಬ್ಬುತ್ತಿದ್ದ ಹಾಗೆ ಸೋರುವುದು ನಿಂತಿತು.

ಮಾರನೆಯ ದಿನ ದಾರಿಯಲ್ಲಿ ಅವನು ಆ ಪಕ್ಕದ ಕಲ್ಲಿಗೆ ಹೇಳಿದ: "ಇಳಿಜಾರು ಬಂತು ತಮ್ಮ. ಹೆದರಬೇಡ, ಈ ಕಡೆ ನಾನಿದ್ದೀನಿ."