ಅರಳಿಗೆ ಬೇಕಾದ ಉರಿ

ಗುರುಸಿದ್ಧವ್ವ ತಾಯಿಯವರು ಮಠ ಕಟ್ಟಿಸಿಕೊಂಡವರಲ್ಲ. ತುಂಗಭದ್ರೆಯ ದಂಡೆಯ ಚಿಕ್ಕ ಊರೊಂದರಲ್ಲಿ ಭತ್ತದ ಅರಳು ಹುರಿದು ಮಾರುತ್ತಿದ್ದರು. ಹೊಗೆ ಹಿಡಿದ ಆ ಒಲೆಯ ಮುಂದೆಯೇ ಭಕ್ತರಿಗೆ ಅವರ ದರ್ಶನ.

ಒಂದು ಮಧ್ಯಾಹ್ನ ಪಂಡಿತ ಮೌನೇಶಾಚಾರ್ಯರು ಅಲ್ಲಿಗೆ ಬಂದರು. ಬಂದದ್ದು ನಮಸ್ಕಾರಕ್ಕಲ್ಲ, ಜಗಳಕ್ಕೆ. ನಿಘಂಟು ಬರೆಯಲು ಹೊರಟಿದ್ದ ಅವರ ಲೇಖನಿ ‘ಅರಳು’ ಎಂಬ ಪದದ ಬಳಿ ನಿಂತು ಎರಡು ವರ್ಷವಾಗಿತ್ತು. ‘ಅರವತ್ತಕ್ಕೆ ಅರಳುಮರಳು’ ಎಂದು ಊರವರು ನಗುತ್ತಿದ್ದರು. ನಗುವವರಿಗೇನು ಗೊತ್ತು?

ಎರಡು ವರ್ಷದ ಹಿಂದೆ ಮಗಳು ಪ್ರಭಾವತಿಯ ಮದುವೆಗೆ ಆಚಾರ್ಯರು ಒಂದು ಬುಟ್ಟಿ ಅರಳು ತರಿಸಿಟ್ಟಿದ್ದರು, ಹೋಮದಲ್ಲಿ ಅವಳ ಬೊಗಸೆಗೆ ತುಂಬಲು. ಮದುವೆಗೆ ನಾಲ್ಕು ದಿನವಿರುವಾಗ ಜ್ವರ ಅವಳನ್ನು ಕೊಂಡೊಯ್ದಿತು. ಅದೇ ಬುಟ್ಟಿಯ ಅರಳನ್ನು ಚಟ್ಟದ ದಾರಿಯುದ್ದಕ್ಕೂ ಎರಚಿದರು. ಆಚಾರ್ಯರು ಒಂದು ಹನಿ ಕಣ್ಣೀರು ಹಾಕಲಿಲ್ಲ. ಓದಿಕೊಂಡವರು ಅಳಬಾರದೆಂಬ ಬಿಗುಮಾನ!

“ಹೂವು ಅರಳ್ತದ, ಮುಖ ಅರಳ್ತದ, ನೀರು ಬಿದ್ದರ ಸುಟ್ಟ ಸುಣ್ಣದ ಕಲ್ಲೂ ಅರಳ್ತದ. ಆ ಸಾಲಿನಾಗ ಹೆಣದ ಮ್ಯಾಲೆ ಚೆಲ್ಲೋ ಅರಳನ್ನ ಹ್ಯಾಂಗ ಬರೀಲಿ? ನಿಮ್ಮ ದೇವರಿಗೆ ಬ್ಯಾರೆ ಮಾತು ಸಿಗಲಿಲ್ಲೇನು?” ಎಂದು ಅವರು ಕೂಗಾಡಿದರು.

ತಾಯಿಯವರು ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿದರು. ನೆನೆಸಿ ಬಸಿದ ಭತ್ತವನ್ನು ಬಾಣಲೆಯ ಕಾದ ಮರಳಿಗೆ ಹಾಕಿ, ಕೈಯಾಡಿಸುವ ಕಡ್ಡಿಕಟ್ಟನ್ನು ಅವರ ಕೈಗಿತ್ತರು. ಮೊದಲ ಕಾಳು ಚಟ್ಟೆಂದು ಸಿಡಿದದ್ದೇ ತಡ, ಆಚಾರ್ಯರು ಬೆಚ್ಚಿ ಹಿಂದೆ ಸರಿದರು. ಹುರಿಯಲು ಬಾರದವರು ಮಾಡುವ ತಪ್ಪನ್ನೇ ಅವರೂ ಮಾಡಿದರು. ಉರಿಯುವ ಕಟ್ಟಿಗೆಯನ್ನು ಹಿಂದಕ್ಕೆ ಎಳೆದುಬಿಟ್ಟರು. ಬಾಣಲೆ ಸದ್ದಡಗಿತು. ಕಾಳು ಅರಳಲಿಲ್ಲ, ನಿಧಾನವಾಗಿ ಕಪ್ಪಗೆ ಸೀದುಹೋಯಿತು.

ತಾಯಿಯವರು ಜರಡಿ ಹಿಡಿದು, ಆ ಕಾಳು ಆರಿದ ಮೇಲೆ ಒಂದು ಹಿಡಿ ಅವರ ಅಂಗೈಯಲ್ಲಿಟ್ಟರು.

“ಉರಿಗೆ ಹೆದರಿದ್ರ ಹಿಂಗ ಆಗ್ತದ. ಎರಡು ವರ್ಷ ನೀನೂ ಹಿಂಗ ಸೀಯಾಕತ್ತೀಯಲ್ಲ. ಅತ್ತುಬಿಡು, ನನ್ನಪ್ಪಾ.”

ಅಷ್ಟೇ ಮಾತು. ಆ ಮಹಾಪಂಡಿತರು ಬೂದಿಯ ನೆಲದ ಮೇಲೆ ಕುಸಿದು, ಮಗಳ ಹೆಸರು ಹಿಡಿದು ಗೋಳೋ ಎಂದು ಅತ್ತರು. ತಾಯಿಯವರು ಕಟ್ಟಿಗೆಯನ್ನು ಮತ್ತೆ ಒಲೆಗೆ ತಳ್ಳಿ ಹೊಸ ಭತ್ತ ಹಾಕಿದರು. ಬಾಣಲೆಯ ತುಂಬ ಬೆಳ್ಳನೆಯ ಅರಳು ಉಕ್ಕಿತು. ಕರುಣೆಯೆಂದರೆ ಅದು!

ಆಚಾರ್ಯರು ತಾಯಿಯವರ ಪಾದ ಮುಟ್ಟಿ ಮನೆಗೆ ಹೋದರು, ಸಂಜೆಯೇ ಲೇಖನಿ ಹಿಡಿದರು. ಹೋಮದ ಅರಳನ್ನೂ ಬರೆದರು, ಚಟ್ಟದ ಅರಳನ್ನೂ ಬಿಡಲಿಲ್ಲ. ಕಡೆಗೆ ಪದದ ಪ್ರಯೋಗ ತೋರಿಸಲೊಂದು ವಾಕ್ಯ ಬೇಕಿತ್ತು. ಯಾವ ಕಾವ್ಯವನ್ನೂ ತೆರೆಯದೆ ಬರೆದರು: ‘ಅಪ್ಪ ಬಾಗಿಲಿಗೆ ಬಂದರೆ ಸಾಕು, ಪ್ರಭಾವತಿಯ ಮುಖ ಅರಳುತ್ತಿತ್ತು.’